ಎಮ್ಮೆ ತಮ್ಮನ ಗುಂಡಿನ ಮೇಲೆ ಸಾಮ್ರಾಟನ ಅಕ್ಷರ

ದೇವಸಮುದ್ರದ ಕಡೆಯ ಜನಕ್ಕೆ ಮೂರು ಬಂಡೆ ಗೊತ್ತು. ಬ್ರಹ್ಮಗಿರಿಯ ಬುಡದಲ್ಲಿರೋದು ಅಕ್ಷರಗುಂಡು. ಸಿದ್ದಾಪುರದ್ದು ಎಮ್ಮೆ ತಮ್ಮನ ಗುಂಡು. ಹಳೇ ದಾಖಲೆಗಳಲ್ಲಿ ಗಡಿನಾಡಿನ ತೆಲುಗು ಬೆರೆತು ಅದು ‘ಎನಮನ ತಿಮ್ಮಯ್ಯನ ಗುಂಡ್ಲು’ ಆಗಿದೆ. ಜಟಿಂಗ ರಾಮೇಶ್ವರ ಬೆಟ್ಟದ ಮೇಲಿರೋದು ಬಳೆಗಾರ ಗುಂಡು. ಮೂರೂ ಮೊಳಕಾಲ್ಮೂರು ತಾಲ್ಲೂಕಿನವು. ಮೂರರ ಮೇಲೂ ಕೆತ್ತಿರೋದು ಒಂದೇ ಮಾತು, ಕ್ರಿ.ಪೂ. 3ನೇ ಶತಮಾನದ ಅಶೋಕನ ಮಾತು.

ಆದರೆ ಹೆಸರುಗಳನ್ನು ಮತ್ತೊಮ್ಮೆ ಓದಿ ನೋಡಿ ಗೆಳೆಯರೇ. ಅಕ್ಷರ, ಎಮ್ಮೆ, ಬಳೆ. ಇದರಲ್ಲಿ ರಾಜ ಎಲ್ಲಿದ್ದಾನೆ? ಅಷ್ಟು ದೊಡ್ಡ ಸಾಮ್ರಾಜ್ಯ ಬಂದು, ಬಂಡೆ ಕೊರೆದು, ಆಜ್ಞೆ ಹೊರಡಿಸಿ ಹೋಯಿತು. ಊರಿನವರು ಅದನ್ನು ಮರೆತರು, ಎಮ್ಮೆ ಕಾಯೋನನ್ನು ನೆನಪಿಟ್ಟುಕೊಂಡರು. 1837ರಲ್ಲಿ ಜೇಮ್ಸ್ ಪ್ರಿನ್ಸೆಪ್ ಬ್ರಾಹ್ಮಿ ಲಿಪಿಯನ್ನು ಓದುವವರೆಗೆ ಇಡೀ ದೇಶದಲ್ಲೇ ಈ ಅಕ್ಷರ ಬಲ್ಲವರಿರಲಿಲ್ಲ. 1892ರಲ್ಲಿ ಬಿ.ಎಲ್. ರೈಸ್ ಈ ಬಂಡೆಗಳನ್ನು ಗುರುತಿಸಿ ಓದಿದ ಮೇಲೆ ‘ದೇವಾನಾಂಪ್ರಿಯ’ ಮತ್ತೆ ಬಾಯಿಬಿಟ್ಟ. ಅವನೇ ಅಶೋಕ ಅಂತ ಶಾಸನದಲ್ಲೇ ಹೆಸರು ಸಿಕ್ಕಿದ್ದು ಇನ್ನೂ ತಡವಾಗಿ, 1915ರಲ್ಲಿ, ರಾಯಚೂರು ಸೀಮೆಯ ಮಸ್ಕಿಯಲ್ಲಿ. ಚಿನ್ನ ಹುಡುಕಲು ಹೋದ ಗಣಿ ಎಂಜಿನಿಯರ್ ಬೀಡನ್ ಎಂಬುವನಿಗೆ ಅದು ಸಿಕ್ಕಿತು.

ಚಿನ್ನದ ಮಾತು ಬಂತಲ್ಲ, ಅಲ್ಲಿಂದಲೇ ಶುರು ಮಾಡೋಣ. ಪಾಟಲಿಪುತ್ರದಲ್ಲಿ ಕೂತ ದೊರೆಗೆ ಈ ಬೋಳುಗುಡ್ಡಗಳ ಸೀಮೆಯಲ್ಲಿ ಏನು ಕೆಲಸ? ನಮ್ಮ ಪಠ್ಯಪುಸ್ತಕ ಈ ಪ್ರಶ್ನೆ ಕೇಳಲ್ಲ. ಅಶೋಕನು ಸಾಲುಮರಗಳನ್ನು ನೆಡಿಸಿದನು, ಬಾವಿಗಳನ್ನು ತೋಡಿಸಿದನು, ಎರಡು ಅಂಕ. ಬ್ರಹ್ಮಗಿರಿಯ ಶಾಸನ ಮಾತ್ರ ಗುಟ್ಟು ಬಿಟ್ಟುಕೊಡುತ್ತೆ. ಅದರ ಮೊದಲ ಸಾಲುಗಳಲ್ಲಿ ಧರ್ಮವೂ ಇಲ್ಲ, ಮರವೂ ಇಲ್ಲ. ಇರೋದು ಕಚೇರಿ ಕಾಗದ. ಸುವರ್ಣಗಿರಿಯಿಂದ ಆರ್ಯಪುತ್ರ, ಅಂದರೆ ರಾಜಕುಮಾರ, ಮತ್ತು ಅಲ್ಲಿನ ಮಹಾಮಾತ್ರರು ಇಸಿಲದ ಮಹಾಮಾತ್ರರ ಕ್ಷೇಮ ವಿಚಾರಿಸಿ, ಆಮೇಲೆ ದೊರೆಯ ಅಪ್ಪಣೆಯನ್ನು ದಾಟಿಸುತ್ತಾರೆ. ಇವತ್ತು ಜಿಲ್ಲಾ ಕಚೇರಿಯಿಂದ ತಾಲ್ಲೂಕು ಕಚೇರಿಗೆ ಬರೋ ಸುತ್ತೋಲೆಯ ಮೇಲೆ ‘ಮಾನ್ಯರೇ’ ಅಂತ ಇರುತ್ತಲ್ಲ, ಹಾಗೆ. ಕೆತ್ತುವವನು ಆ ಮಾನ್ಯರೇ ಸಮೇತ ಬಂಡೆಗೆ ಇಳಿಸಿಬಿಟ್ಟ. ಅವನಿಂದ ನಮಗೆ ಉಪಕಾರವಾಗಿದೆ. ದೊರೆ, ಕುಮಾರ, ಮೇಲಿನ ಅಧಿಕಾರಿ, ಕೆಳಗಿನ ಅಧಿಕಾರಿ ಅಂತ ಸಾಮ್ರಾಜ್ಯದ ಏಣಿಯ ಮೆಟ್ಟಿಲುಗಳೆಲ್ಲ ಆ ನಾಲ್ಕು ಸಾಲಿನಲ್ಲಿ ಕಾಣುತ್ತವೆ.

ಸುವರ್ಣಗಿರಿ ಎಲ್ಲಿತ್ತು ಅಂತ ವಿದ್ವಾಂಸರು ಇನ್ನೂ ಜಗಳವಾಡುತ್ತಿದ್ದಾರೆ. ಮಸ್ಕಿ ಅನ್ನುವವರಿದ್ದಾರೆ, ಕನಕಗಿರಿ ಅನ್ನುವವರಿದ್ದಾರೆ, ಆಂಧ್ರದ ಜೊನ್ನಗಿರಿ ಅನ್ನುವವರಿದ್ದಾರೆ. ಯಾವುದೇ ಆದರೂ ಹೆಸರಿನಲ್ಲೇ ಬಂಗಾರವಿದೆ. ದಕ್ಷಿಣದ ದಾರಿಯಲ್ಲಿ ಶಂಖ, ವಜ್ರ, ಮಣಿ, ಮುತ್ತು, ಬಂಗಾರ ಹೇರಳ, ಆದ್ದರಿಂದ ಆ ದಾರಿಯೇ ಲಾಭ ಅಂತ ಕೌಟಿಲ್ಯನ ಅರ್ಥಶಾಸ್ತ್ರ ಲೆಕ್ಕ ಹಾಕುತ್ತೆ. ಅಶೋಕನ ಶಾಸನಗಳು ದಕ್ಷಿಣದಲ್ಲಿ ಎಲ್ಲೆಲ್ಲಿವೆ ಅಂತ ನಕ್ಷೆಯ ಮೇಲೆ ಚುಕ್ಕಿ ಇಟ್ಟು ನೋಡಿ. ಮಸ್ಕಿ, ಕೊಪ್ಪಳ, ನಿಟ್ಟೂರು, ಉದೆಗೊಳ, ಎರ್ರಗುಡಿ, ನಮ್ಮ ಬ್ರಹ್ಮಗಿರಿ. ಬಹುಪಾಲು ಬಂಗಾರದ ನೆಲದ ಸುತ್ತಮುತ್ತಲೇ ಬೀಳುತ್ತವೆ.

ಇನ್ನು ‘ಇಸಿಲ’. ಅದು ಬ್ರಹ್ಮಗಿರಿ–ಸಿದ್ದಾಪುರದ ಜಾಗವೇ. ಪದ ಸಂಸ್ಕೃತದ್ದಲ್ಲ, ಪ್ರಾಕೃತದ್ದೂ ಅಲ್ಲ, ಕನ್ನಡದ್ದು ಅಂತ ಡಿ.ಎಲ್. ನರಸಿಂಹಾಚಾರ್ ವಾದಿಸಿದರು. ಆ ವಾದ ಒಪ್ಪಿದರೆ, ಶಾಸನವಿಡೀ ಹುಡುಕಿದರೂ ಇಲ್ಲಿನ ಜನ ಆಡಿದ್ದು ಅಂತ ಸಿಗೋದು ಅದೊಂದೇ ಪದ. ಮಿಕ್ಕದ್ದೆಲ್ಲ ಉತ್ತರದಿಂದ ಬಂದ ಪ್ರಾಕೃತ.

ಹಾಗಾದರೆ ಇಲ್ಲಿನ ಜನಕ್ಕೆ ಆ ಅಪ್ಪಣೆ ತಿಳಿದದ್ದು ಹೇಗೆ? ಇದೇ ಅಪ್ಪಣೆಯ ಎರ್ರಗುಡಿಯ ಪಾಠದಲ್ಲಿ ದಾರಿ ಹೇಳಿದೆ. ಅಧಿಕಾರಿಗಳು ರಾಜೂಕನಿಗೆ ಹೇಳಬೇಕು, ಅವನು ಭೇರಿ ಹೊಡೆಸಿ ಜನಪದಕ್ಕೆ ಸಾರಿಸಬೇಕು. ಅಂದರೆ ಡಂಗುರ. ಭೇರಿ ಹೊಡೆದವನು ಯಾರು ಅಂತ ಶಾಸನ ಹೇಳಲ್ಲ. ಆನೆ ಏರುವವರು, ಲಿಪಿ ಬರೆಯುವವರು, ಬ್ರಾಹ್ಮಣರು, ಇವರಿಗೆಲ್ಲ ಅಲ್ಲಿ ಪ್ರತ್ಯೇಕ ಹೆಸರಿದೆ. ಭೇರಿ ಇದೆ, ಹೊಡೆದ ಕೈ ಇಲ್ಲ. ಊರ ಮುಂದೆ ತಮಟೆ ಹೊಡೆದು ಸರ್ಕಾರದ ಮಾತು ಸಾರುತ್ತಿದ್ದವರ ಮೊಮ್ಮಕ್ಕಳು ನಾವು. ನಮ್ಮ ಕಣ್ಣು ಅಲ್ಲಿ ನಿಲ್ಲದೇ ಇರುತ್ತದೆಯೇ?

ಅಶೋಕನಿಗೆ ಸಲ್ಲಬೇಕಾದ್ದು ಸಲ್ಲಲಿ. ಆ ಬಂಡೆಯ ಮೇಲೆ ಒಂದು ಮಾತಿದೆ. ಸ್ವರ್ಗ ದೊಡ್ಡವರಿಗೆ ಮಾತ್ರ ಸಿಗೋದಲ್ಲ, ಮನಸ್ಸಿಟ್ಟು ದುಡಿದರೆ ‘ಖುದಕ’ನಿಗೂ, ಅಂದರೆ ಸಣ್ಣವನಿಗೂ ದಕ್ಕುತ್ತೆ ಅನ್ನುವ ಅರ್ಥದ ಮಾತು. ಈ ದೇಶದಲ್ಲಿ ಒಬ್ಬ ದೊರೆ ಅಧಿಕಾರಿಗಳಿಗೆ ಬರೆದ ಕಾಗದದಲ್ಲಿ ಸಣ್ಣವರನ್ನು ಲೆಕ್ಕಕ್ಕೆ ಹಿಡಿದದ್ದು ಸಾಮಾನ್ಯ ಸಂಗತಿಯಲ್ಲ. 1950ರಲ್ಲಿ ಗಣರಾಜ್ಯವು ಅವನ ಸಿಂಹವನ್ನೇ ಲಾಂಛನ ಮಾಡಿಕೊಂಡಿತು. 1956ರ ಅಕ್ಟೋಬರ್ 14ರಂದು ಅಶೋಕ ವಿಜಯದಶಮಿಯ ದಿನ ಬಾಬಾಸಾಹೇಬರು ನಾಗಪುರದಲ್ಲಿ ಧಮ್ಮ ಸ್ವೀಕರಿಸಿದರು. ನಾನು ಅವನನ್ನು ಬೈಯಲು ಕೂತಿಲ್ಲ. ಆದರೆ ಒಳ್ಳೆಯ ದೊರೆಯ ಕೆಳಗೂ ಆಳಿಸಿಕೊಂಡವರು ಇದ್ದೇ ಇರುತ್ತಾರೆ. ಅವರ ಬಾಯಿಂದ ಆ ಕಾಲ ಹೇಗೆ ಕೇಳಿಸುತ್ತಿತ್ತು?

ಇಲ್ಲಿ ಉತ್ತರವಿಲ್ಲ. ಇಸಿಲದವರು ಬರೆದಿಡಲಿಲ್ಲ. ಆದರೆ ಸಾಮ್ರಾಜ್ಯಗಳ ಕಾಲಡಿ ಸಿಕ್ಕ ಒಂದು ಸಣ್ಣ ಜನ ಬರೆದಿಟ್ಟಿದೆ, ಅದನ್ನು ನಾವು ಕನ್ನಡದಲ್ಲೇ ಓದಬಹುದು. ಇಸ್ರಾಯೇಲ್ ಮತ್ತು ಯೆಹೂದ ಅನ್ನುವ ಎರಡು ಪುಟ್ಟ ರಾಜ್ಯಗಳ ಕಥೆ, ಬೈಬಲಿನ ಅರಸುಗಳ ಪುಸ್ತಕ. ಅದು ಕನ್ನಡವಾದದ್ದೂ ದೂರದಲ್ಲೆಲ್ಲೋ ಅಲ್ಲ. 1810ರಲ್ಲಿ ಪಕ್ಕದ ಬಳ್ಳಾರಿಗೆ ಬಂದ ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ ಎಂಬಾತ ಕೂತು ಮಾಡಿದ ಕೆಲಸ ಅದು. ಅದನ್ನು ದೇವರ ಪುಸ್ತಕ ಅಂತ ಓದುವವರು ಓದಲಿ. ನಾನಿಲ್ಲಿ ಓದುತ್ತಿರೋದು ಕಪ್ಪ ಕೊಟ್ಟು ಕೊಟ್ಟು ಸೋತವರ ದಾಖಲೆ ಅಂತ.

ಆ ನೆಲದ ದುರದೃಷ್ಟ ಅದರ ಜಾಗದ್ದು. ಒಂದು ಕಡೆ ನೈಲ್ ನದಿಯ ಐಗುಪ್ತ, ಇನ್ನೊಂದು ಕಡೆ ಟೈಗ್ರಿಸ್ ಯುಫ್ರೆಟಿಸ್ ನದಿಗಳ ಅಶ್ಶೂರ, ಬಾಬೆಲ್. ನಡುವೆ ಒಣಗುಡ್ಡ, ಕುರಿ, ಆಲಿವ್ ಮರ, ದ್ರಾಕ್ಷಿ. ದೊಡ್ಡವರ ಸೈನ್ಯ ಓಡಾಡಲು ಇದೇ ದಾರಿ. ಇಸ್ರಾಯೇಲ್ ಅನ್ನುವ ಹೆಸರು ಮೊಟ್ಟಮೊದಲು ಕಲ್ಲಿನ ಮೇಲೆ ಸಿಗೋದೇ ವೈರಿಯ ಕೈಯಿಂದ. ಸುಮಾರು ಕ್ರಿ.ಪೂ. 1208ರಲ್ಲಿ ಐಗುಪ್ತದ ಫರೋಹ ಮೆರ್ನೆಪ್ತಾ ತಾನು ಗೆದ್ದವರ ಪಟ್ಟಿ ಕೆತ್ತಿಸಿ, ಇಸ್ರಾಯೇಲಿನ ಬೀಜವೇ ಉಳಿದಿಲ್ಲ ಅಂತ ಕೊಚ್ಚಿಕೊಂಡ. ಪಟ್ಟಿಯಲ್ಲಿ ಬೇರೆ ಹೆಸರುಗಳ ಪಕ್ಕ ನಾಡು ಅನ್ನುವ ಗುರುತಿದೆ, ಇಸ್ರಾಯೇಲಿನ ಪಕ್ಕ ಮಾತ್ರ ಒಂದು ಗಂಡು ಒಂದು ಹೆಣ್ಣಿನ ಗುರುತು. ಅಂದರೆ ಇನ್ನೂ ರಾಜ್ಯವಿಲ್ಲದ ಜನ. ಆ ಕಲ್ಲು ಸಿಕ್ಕಿದ್ದು 1896ರಲ್ಲಿ, ನಮ್ಮ ಬ್ರಹ್ಮಗಿರಿ ಸಿಕ್ಕ ನಾಲ್ಕು ವರ್ಷಕ್ಕೆ.

ಆಮೇಲೆ ಅಶ್ಶೂರದವರು ಬಂದರು. ಕ್ರಿ.ಪೂ. 722ರ ಹೊತ್ತಿಗೆ ಉತ್ತರದ ಇಸ್ರಾಯೇಲಿನ ರಾಜಧಾನಿ ಸಮಾರ್ಯ ಬಿತ್ತು. 27 ಸಾವಿರಕ್ಕೂ ಮೇಲೆ ಜನರನ್ನು ಎತ್ತಂಗಡಿ ಮಾಡಿದೆ ಅಂತ ಸರ್ಗೋನ ಬರೆಸಿದ. ಅವರ ಜಾಗಕ್ಕೆ ಬೇರೆ ಗೆದ್ದ ನಾಡುಗಳ ಜನರನ್ನು ತಂದು ತುಂಬಿದರು. ನೆಲದಿಂದ ಜನರನ್ನು ಕಿತ್ತು ಕಿತ್ತು ಬೇರೆ ಕಡೆ ನೆಡೋದು ಅವರ ಆಡಳಿತದ ಕ್ರಮ. ತನ್ನ ಊರಲ್ಲದ ಊರಲ್ಲಿ ಮನುಷ್ಯ ತಿರುಗಿ ಬೀಳಲ್ಲ ಅನ್ನೋದು ಅವರಿಗೆ ಗೊತ್ತಿತ್ತು. ಕ್ರಿ.ಪೂ. 701ರಲ್ಲಿ ಸನ್ಹೇರೀಬ ದಕ್ಷಿಣದ ಯೆಹೂದಕ್ಕೆ ನುಗ್ಗಿದ. 46 ಕೋಟೆಯೂರುಗಳು, 2,00,150 ಜನ, ದೊರೆ ಹಿಜ್ಕೀಯ ಜೆರೂಸಲೇಮಿನಲ್ಲಿ ಪಂಜರದ ಹಕ್ಕಿ, ಇದು ಅವನ ಮಣ್ಣಿನ ಶಾಸನದ ಲೆಕ್ಕ. ಲಾಕೀಷ್ ಅನ್ನುವ ಊರು ಬಿದ್ದದ್ದನ್ನು ತನ್ನ ನಿನೆವೆಯ ಅರಮನೆಯ ಗೋಡೆಗೆ ಶಿಲ್ಪ ಮಾಡಿಸಿದ. ಈಗ ಅದು ಲಂಡನ್ನಿನ ಬ್ರಿಟಿಷ್ ಮ್ಯೂಸಿಯಮ್ಮಿನಲ್ಲಿದೆ. ಶೂಲಕ್ಕೇರಿದ ಗಂಡಸರಿದ್ದಾರೆ, ಗಾಡಿಯ ಮೇಲೆ ಹೆಂಗಸರು ಮಕ್ಕಳು, ಹೆಗಲ ಮೇಲೆ ಗಂಟು. ಗುಳೆ ಹೋಗುವ ಸೀಮೆಯವರಾದ ನಮಗೆ ಆ ಗಂಟು ಏನು ಅಂತ ಯಾರೂ ವಿವರಿಸಬೇಕಾಗಿಲ್ಲ.

ಇದೇ ಯುದ್ಧವನ್ನು ಯೆಹೂದದವರು ಬರೆದಾಗ ದೇವದೂತ ಬಂದು ವೈರಿಯ 1,85,000 ಸೈನಿಕರನ್ನು ಒಂದೇ ರಾತ್ರಿ ಕೊಂದ. ಎರಡೂ ಕಡೆ ಸುಳ್ಳಿರಬಹುದು. ಆದರೆ ಹಿಜ್ಕೀಯ ದೇವಾಲಯದ ಬಾಗಿಲಿನ ಚಿನ್ನ ಕಿತ್ತು ಕಪ್ಪ ಕಟ್ಟಿದ ಅನ್ನೋದನ್ನು ಅವನ ಕಡೆಯವರೇ ಒಪ್ಪಿಕೊಂಡು ಬರೆದಿದ್ದಾರೆ. ಚಿನ್ನದ ತೂಕ 30 ತಲಾಂತು ಅನ್ನೋದರಲ್ಲಿ ಗೆದ್ದವನ ಲೆಕ್ಕವೂ ಸೋತವನ ಲೆಕ್ಕವೂ ಒಂದೇ.

ಆ ಪುಸ್ತಕದಲ್ಲಿ ನನಗೆ ಮರೆಯಲಾಗದ ಜಾಗ ಒಂದಿದೆ. ಜೆರೂಸಲೇಮಿನ ಗೋಡೆಯ ಹೊರಗೆ ಅಶ್ಶೂರದ ಅಧಿಕಾರಿ ರಬ್ಷಾಕೆ ನಿಂತು ಶರಣಾಗಿ ಅಂತ ಕೂಗುತ್ತಾನೆ. ಕೂಗೋದು ಜನರ ಭಾಷೆಯಲ್ಲಿ. ಒಳಗಿನ ಅಧಿಕಾರಿಗಳು ಗಾಬರಿಯಾಗಿ, ಸ್ವಾಮಿ, ಅರಾಮ್ಯ ಭಾಷೆಯಲ್ಲಿ ಮಾತಾಡಿ, ನಮಗೆ ಅರ್ಥವಾಗುತ್ತೆ, ಗೋಡೆ ಮೇಲೆ ಕೂತ ಜನಕ್ಕೆ ಕೇಳೋ ಹಾಗೆ ನಮ್ಮ ಮಾತಿನಲ್ಲಿ ಬೇಡ ಅಂತ ಬೇಡಿಕೊಳ್ಳುತ್ತಾರೆ. ಅರಾಮ್ಯ ಆ ಕಾಲದ ಕಚೇರಿ ಭಾಷೆ. ವೈರಿಯ ಜೊತೆ ಮಾತಾಡೋಕೆ ಅಧಿಕಾರಿಗಳಿಗೆ ಭಾಷೆ ಇದೆ, ಅದು ತಮ್ಮ ಜನಕ್ಕೆ ತಿಳಿಯದಿರೋದೇ ಅವರಿಗೆ ಅನುಕೂಲ. ಕೋರ್ಟಿನ ಕಟಕಟೆಯಲ್ಲಿ ನಿಂತು ವಕೀಲರ ಇಂಗ್ಲಿಷನ್ನು ಬೆಪ್ಪಾಗಿ ಕೇಳಿದ ನಮ್ಮಪ್ಪಂದಿರನ್ನು ನೆನೆಸಿಕೊಳ್ಳಿ. ರಬ್ಷಾಕೆ ಕೊಟ್ಟ ಉತ್ತರ ಒರಟು, ಆದರೆ ಸತ್ಯ. ಮುತ್ತಿಗೆ ಮುಂದುವರಿದರೆ ತಮ್ಮ ಹೇಲು ತಿಂದು ಉಚ್ಚೆ ಕುಡಿಯಬೇಕಾದವರು ಗೋಡೆ ಮೇಲಿರುವ ಆ ಜನರೇ ತಾನೇ, ಅವರಿಗೇ ಹೇಳುತ್ತಿದ್ದೇನೆ ಅನ್ನುತ್ತಾನೆ.

ಅಶ್ಶೂರ ಮುರಿದು ಬಾಬೆಲ್ ಎದ್ದಿತು. ನೆಬೂಕದ್ನೆಚ್ಚರನ ಸೈನ್ಯ ಕ್ರಿ.ಪೂ. 597ರಲ್ಲಿ ಒಮ್ಮೆ, 586ರಲ್ಲಿ ಇನ್ನೊಮ್ಮೆ ಜೆರೂಸಲೇಮನ್ನು ಹಿಡಿಯಿತು. ಎರಡನೇ ಸಲ ದೇವಾಲಯ ಸುಟ್ಟಿತು. ದೊರೆ, ಪುರೋಹಿತ, ಅಧಿಕಾರಿ, ಕಮ್ಮಾರ, ಕುಶಲಕರ್ಮಿ ಎಲ್ಲರನ್ನೂ ಬಾಬೆಲಿಗೆ ಸಾಗಿಸಿದರು. ಸೆರೆಗೆ ಹೋದ ದೊರೆ ಯೆಹೋಯಾಖೀನನಿಗೆ ಎಣ್ಣೆ ಅಳೆದುಕೊಟ್ಟ ಉಗ್ರಾಣದ ಲೆಕ್ಕ ಕೂಡ ಬಾಬೆಲಿನಲ್ಲಿ ಮಣ್ಣಿನ ಹಲಗೆಗಳ ಮೇಲೆ ಸಿಕ್ಕಿದೆ. ಸೋತ ದೊರೆಯ ರೇಷನ್ನಿಗೂ ರಸೀದಿ ಇದೆ.

ಆದರೆ ಎಲ್ಲರೂ ಹೋಗಲಿಲ್ಲ. ಅರಸುಗಳ ಪುಸ್ತಕದ ಕೊನೆಯಲ್ಲೂ ಯೆರೆಮೀಯನ ಪುಸ್ತಕದಲ್ಲೂ ಈ ಸಂಗತಿ ಇದೆ. ಏನೂ ಇಲ್ಲದ ಕಡುಬಡವರನ್ನು ಬಾಬೆಲಿನ ದಂಡನಾಯಕ ಅಲ್ಲೇ ಬಿಟ್ಟ, ಅವರಿಗೆ ಹೊಲಗಳನ್ನೂ ದ್ರಾಕ್ಷಿತೋಟಗಳನ್ನೂ ಕೊಟ್ಟ. ಉದ್ದೇಶ ದಯೆಯದ್ದಾಗಿರಲಿಕ್ಕಿಲ್ಲ, ಉಳುವವರಿಲ್ಲದಿದ್ದರೆ ಕಂದಾಯ ಬರಲ್ಲ. ಆದರೂ ಯೋಚನೆ ಮಾಡಿ. ದಾವೀದನ ಕಾಲದಿಂದ ಒಡೆಯರ ಹೊಲದಲ್ಲಿ ದುಡಿದವರಿಗೆ ಮೊದಲ ಸಲ ಹೊಲ ಸಿಕ್ಕಿದ್ದು ಒಡೆಯರು ಸೆರೆಗೆ ಹೋದ ದಿನ. ಇಡೀ ಪುಸ್ತಕ ಆ ದಿನವನ್ನು ನಾಡಿನ ಸಾವು ಅಂತ ಅಳುತ್ತೆ. ಹೊಲ ಸಿಕ್ಕವನು ಆ ರಾತ್ರಿ ತನ್ನ ಹೆಂಡತಿಗೆ ಏನು ಹೇಳಿದ ಅನ್ನೋದು ಅದರಲ್ಲಿಲ್ಲ.

ಸೋತವರಲ್ಲೂ ಬರೆಯುವ ಸೋತವರು, ಬರೆಯದ ಸೋತವರು ಅಂತ ಎರಡು ಜಾತಿ. ಬಾಬೆಲಿನಲ್ಲಿ ಕೂತ ಪುರೋಹಿತ ಮನೆತನದ ಎಜೆಕಿಯೇಲನಿಗೆ, ಊರಲ್ಲಿ ಹಾಳುಗೋಡೆಗಳ ನಡುವೆ ಉಳಿದವರು ಈ ನೆಲ ನಮ್ಮದು ಅನ್ನುತ್ತಿದ್ದಾರೆ ಅನ್ನೋ ಸುದ್ದಿ ಮುಟ್ಟಿತು. ಅವನು ಅವರಿಗೆ ದೇವರ ಹೆಸರಿನಲ್ಲಿ ಶಾಪ ಹಾಕಿದ. ಕ್ರಿ.ಪೂ. 539ರಲ್ಲಿ ಪಾರಸಿಯ ಕೋರೆಷ ಬಾಬೆಲನ್ನು ಗೆದ್ದು, ಸೆರೆಯವರು ವಾಪಸು ಹೋಗಬಹುದು ಅಂದ. ಹೋದರು. ಹೋದವರು ಅಲ್ಲೇ ಇದ್ದವರನ್ನು ಹೊರಗಿನವರ ಹಾಗೆ ಕಂಡರು. ‘ನೆಲದ ಜನ’ ಅನ್ನೋದೇ ಬೈಗುಳವಾಯಿತು. ನೂರು ವರ್ಷದ ಹತ್ತಿರ ಆಯಿತು, ಪಾರಸಿಯರ ಕೈಕೆಳಗಿನ ಅಧಿಪತಿಯಾಗಿ ನೆಹೆಮೀಯ ಬಂದಾಗ ಬಡವರು ಅವನ ಮುಂದೆ ಗೋಳಾಡಿದರು. ದೊರೆಯ ಕಂದಾಯಕ್ಕೆ ಹೊಲ ತೋಟ ಅಡವಿಟ್ಟಿದ್ದೇವೆ, ಮಕ್ಕಳನ್ನು ಜೀತಕ್ಕೆ ಬಿಟ್ಟಿದ್ದೇವೆ ಅಂತ. ಸಾಲ ಕೊಟ್ಟು ಜೀತಕ್ಕಿಟ್ಟುಕೊಂಡವರು ಪಾರಸಿಯರಲ್ಲ, ಅದೇ ಕುಲದ ಶ್ರೀಮಂತರು. ನೆಹೆಮೀಯ ಅವರನ್ನು ಗದರಿಸಿ ಹೊಲ ವಾಪಸು ಕೊಡಿಸಿದ ಅಂತ ಅವನೇ ಬರೆದುಕೊಂಡಿದ್ದಾನೆ. ನಮ್ಮಲ್ಲಿ ಜೀತ ನಿಷೇಧದ ಕಾಯ್ದೆ ಬಂದದ್ದು 1976ರಲ್ಲಿ. ಕಾಯ್ದೆ ಬಂದ ಮೇಲೂ ಎಷ್ಟು ಹಟ್ಟಿಗಳಲ್ಲಿ ಸಾಲದ ಚೀಟಿ ಉಳಿದಿತ್ತು ಅನ್ನೋದನ್ನು ಹಳ್ಳಿ ಮೇಷ್ಟ್ರುಗಳು ಬಲ್ಲರು.

ಜೆರೂಸಲೇಮನ್ನು ಆಳಿದ ಆ ಪಾರಸಿ ಸಾಮ್ರಾಜ್ಯವೇ ಪೂರ್ವಕ್ಕೆ ಸಿಂಧೂ ನದಿಯವರೆಗೂ ಚಾಚಿತ್ತು. ಅದರ ಕಚೇರಿ ಭಾಷೆ ಅದೇ ಅರಾಮ್ಯ, ಗೋಡೆಯ ಮೇಲಿನ ಜನಕ್ಕೆ ತಿಳಿಯಬಾರದು ಅಂತ ಅಧಿಕಾರಿಗಳು ಬೇಡಿಕೊಂಡದ್ದು. ಆ ಅರಾಮ್ಯದ ಅಕ್ಷರಗಳಿಂದ ನಮ್ಮ ವಾಯವ್ಯದಲ್ಲಿ ಖರೋಷ್ಠಿ ಲಿಪಿ ಹುಟ್ಟಿತು. ಅರಾಮ್ಯದ ಹಾಗೆಯೇ ಬಲದಿಂದ ಎಡಕ್ಕೆ ಬರೆಯೋ ಲಿಪಿ. ‘ಲಿಪಿ’ ಅನ್ನುವ ಪದವೇ ಹಳೇ ಪಾರಸಿಯ ‘ದಿಪಿ’ಯಿಂದ ಬಂದದ್ದು ಅನ್ನುತ್ತಾರೆ. ಪಾರಸಿಯ ದಾರ್ಯವೇಷ ಬಂಡೆಗಳ ಮೇಲೆ ದೊರೆ ಹೀಗೆನ್ನುತ್ತಾನೆ ಅಂತ ಕೆತ್ತಿಸಿದ್ದ, ಅಶೋಕನೂ ದೇವಾನಾಂಪ್ರಿಯ ಹೀಗೆನ್ನುತ್ತಾನೆ ಅಂತ ಕೆತ್ತಿಸಿದ. ಈಗ ಬ್ರಹ್ಮಗಿರಿಯ ಅಕ್ಷರಗುಂಡಿನ ಕೊನೆಯ ಸಾಲಿಗೆ ಬನ್ನಿ. ಬರೆದವನು ಚಪಡ ಅಂತ ಲಿಪಿಕಾರ ತನ್ನ ಹೆಸರು ಹಾಕಿಕೊಂಡಿದ್ದಾನೆ. ಅಲ್ಲಿಯವರೆಗೂ ಬ್ರಾಹ್ಮಿ. ಲಿಪಿಕಾರ ಅನ್ನುವ ಒಂದೇ ಪದ ಮಾತ್ರ ಖರೋಷ್ಠಿಯಲ್ಲಿದೆ, ಬಲದಿಂದ ಎಡಕ್ಕೆ. ವಾಯವ್ಯದಲ್ಲಿ ಅಕ್ಷರ ಕಲಿತು, ನೌಕರಿಯ ಮೇಲೆ ಈ ಬಿಸಿಲಿಗೆ ಬಂದವನು ಇರಬೇಕು. ತನ್ನ ಹುದ್ದೆಯನ್ನು ತನ್ನೂರಿನ ಲಿಪಿಯಲ್ಲಿ ಬರೆದ. ಜೆರೂಸಲೇಮಿನ ಗೋಡೆಗೂ ಚಿನ್ನ ಹಗರಿಯ ಈ ಗುಡ್ಡಕ್ಕೂ ನಂಟು ಅಂದರೆ ಆ ಒಂದು ಪದ. ಮನೆತನದಲ್ಲಿ ಮೊದಲು ಅಕ್ಷರ ಕಲಿತ ನನಗೆ ಆ ನೌಕರನ ಮೇಲೆ ಸಿಟ್ಟು ಬರಲ್ಲ. ಪ್ರೀತಿ ಬರುತ್ತೆ ಅಂತಲೂ ಹೇಳಲಾರೆ.

ಸನ್ಹೇರೀಬನ ಲೆಕ್ಕದ ಪಕ್ಕ ಅಶೋಕನ ಲೆಕ್ಕವನ್ನೂ ಇಟ್ಟು ನೋಡಬೇಕು. ಕಳಿಂಗದಿಂದ ಒಂದೂವರೆ ಲಕ್ಷ ಜನರನ್ನು ಸಾಗಿಸಲಾಯಿತು, ಒಂದು ಲಕ್ಷ ಜನ ಹತರಾದರು, ಅದರ ಎಷ್ಟೋ ಪಟ್ಟು ಸತ್ತರು. ಇದು ಅವನ 13ನೇ ಶಿಲಾಶಾಸನ. ಸನ್ಹೇರೀಬ ಮೀಸೆ ತಿರುವಿದ, ಅಶೋಕ ಪಶ್ಚಾತ್ತಾಪಪಟ್ಟ. ಈ ವ್ಯತ್ಯಾಸ ದೊಡ್ಡದು, ಲೋಕದ ದೊರೆಗಳಲ್ಲಿ ಎಷ್ಟು ಜನಕ್ಕೆ ಅಷ್ಟು ಎದೆಯಿತ್ತು? ಆದರೆ ಸಾಗಿಸಿದ ಒಂದೂವರೆ ಲಕ್ಷ ಜನ ವಾಪಸು ಊರಿಗೆ ಹೋದರು ಅಂತ ಆ ಶಾಸನದಲ್ಲಿಲ್ಲ. ಅದೇ ಶಾಸನದಲ್ಲಿ ಕಾಡಿನ ಜನಕ್ಕೆ ಎಚ್ಚರಿಕೆಯೂ ಇದೆ, ಮರುಗಿದರೂ ದೊರೆಗೆ ದಂಡಿಸುವ ಶಕ್ತಿ ಇದೆ ಅಂತ. ಪಶ್ಚಾತ್ತಾಪದ ಆ ಶಾಸನವನ್ನು ಕಳಿಂಗದಲ್ಲಿ ಮಾತ್ರ ಕೆತ್ತಿಸಲಿಲ್ಲ. ಧೌಲಿ, ಜೌಗಡದಲ್ಲಿ ಅದರ ಬದಲು ಬೇರೆ ಮಾತು ಬರೆಸಿದ. ಕ್ಷಮೆ ಕೇಳಿದ್ದನ್ನು ಕೇಳಬೇಕಾದವರಿಗೇ ಕೇಳಿಸಲಿಲ್ಲ.

ಇಸಿಲದ ಜನ ಏನು ಬಿಟ್ಟುಹೋದರು? ಕಲ್ಲು, ಮಡಕೆ, ಕಬ್ಬಿಣ. ಬ್ರಹ್ಮಗಿರಿಯ ತಪ್ಪಲಲ್ಲಿ ನೂರಾರು ಗೋರಿಗಳಿವೆ. ಸುತ್ತ ಉಂಡೆಗಲ್ಲು, ನಡುವೆ ಚಪ್ಪಡಿಯ ಪೆಟ್ಟಿಗೆ, ಒಂದು ಚಪ್ಪಡಿಯಲ್ಲಿ ದುಂಡನೆ ಕಿಂಡಿ. ಒಳಗೆ ಮೂಳೆ, ಕಪ್ಪು ಕೆಂಪು ಮಡಕೆ, ಕಬ್ಬಿಣದ ಆಯುಧ. ಇಂಥ ಗೋರಿಗಳನ್ನು ನಮ್ಮ ಸೀಮೆಗಳಲ್ಲಿ ‘ಮೋರ್ಯರ ಮನೆ’ ಅಂತಾರೆ. ಮೈಸೂರಿನ ಎಂ.ಎಚ್. ಕೃಷ್ಣ ಇಲ್ಲಿ ಮೊದಲು ಅಗೆದರು. 1947ರಲ್ಲಿ ಮಾರ್ಟಿಮರ್ ವೀಲರ್ ಬಂದು ಅಗೆದು, ಕೆಳಗಿನಿಂದ ಮೇಲಕ್ಕೆ ಮೂರು ಪದರ ಗುರುತಿಸಿದ. ಕಲ್ಲಿನ ಕೊಡಲಿಯವರು, ಅವರ ಮೇಲೆ ಈ ಗೋರಿಗಳವರು, ಅವರ ಮೇಲೆ ಶಾತವಾಹನರ ಕಾಲದವರು. ಕೊಡಲಿಯವರು ಸತ್ತ ಎಳೆಮಕ್ಕಳನ್ನು ಮಡಕೆಯಲ್ಲಿಟ್ಟು ಹೂಳುತ್ತಿದ್ದರು. ವೀಲರ್ ಗೋರಿಗಳ ಕಾಲವನ್ನು ಕ್ರಿ.ಪೂ. 2ನೇ ಶತಮಾನದಿಂದ ಶುರು ಮಾಡಿದ. ಅಂದರೆ ಅಶೋಕ ಹೋದ ಮೇಲೆ. ಅವನ ಲೆಕ್ಕದ ಪ್ರಕಾರ ಸಾಮ್ರಾಜ್ಯದ ಅಧಿಕಾರಿಗಳು ಬಂದಾಗ ಇಲ್ಲಿದ್ದವರು ಕಲ್ಲುಕೊಡಲಿ ಹಿಡಿದವರು.

ಆ ಲೆಕ್ಕ ನಿಲ್ಲಲಿಲ್ಲ. 1965ರಲ್ಲಿ ಎಂ.ಎಸ್. ನಾಗರಾಜ ರಾವ್ ತುಂಗಭದ್ರೆಯ ದಂಡೆಯ ಹಳ್ಳೂರಿನಲ್ಲಿ ಅಗೆದರು. ಅಲ್ಲಿನ ಇದ್ದಿಲನ್ನು ಪರೀಕ್ಷಿಸಿದಾಗ ಕಬ್ಬಿಣ ಕ್ರಿ.ಪೂ. 1000ದ ಹತ್ತಿರಕ್ಕೆ ಹೋಯಿತು. ಅಶೋಕನಿಗಿಂತ ಏಳು ನೂರು ವರ್ಷ ಮೊದಲು. ಅಂದಮೇಲೆ ಮಹಾಮಾತ್ರರು ಇಸಿಲಕ್ಕೆ ಬಂದಾಗ ಈ ಸೀಮೆಯಲ್ಲಿ ಕಮ್ಮಾರನ ತಿದಿ ಊದುತ್ತಿತ್ತು. ಕಬ್ಬಿಣ ಕಾಯಿಸೋದು ಪಾಟಲಿಪುತ್ರ ಕಲಿಸಿದ ವಿದ್ಯೆಯಲ್ಲ. ಗುಡ್ಡದ ಕಲ್ಲನ್ನು ಚಪ್ಪಡಿಯಾಗಿ ಸೀಳಿ, ದುಂಡನೆ ಕಿಂಡಿ ಕೊರೆಯಬಲ್ಲ ಕೈಗಳೂ ಇದ್ದವು. ಅಕ್ಷರ ಕೊರೆಯಲು ಚಪಡನಿಗೆ ಉಳಿ ಮಾಡಿಕೊಟ್ಟವನು ಯಾರು?

ಅವನು ಸಹಿ ಹಾಕಿಲ್ಲ. ಮಕ್ಕಳನ್ನು ಕರೆದುಕೊಂಡು ಬ್ರಹ್ಮಗಿರಿಗೆ ಹೋಗುವ ಮೇಷ್ಟ್ರುಗಳು ಅಕ್ಷರಗುಂಡಿನ ಹತ್ತಿರ ಅಶೋಕನ ಪಾಠ ಮಾಡಿದ ಮೇಲೆ, ಬಿಸಿಲೇರುವ ಮುಂಚೆ ಗೋರಿಗಳ ಕಡೆಗೂ ನಾಲ್ಕು ಹೆಜ್ಜೆ ಹಾಕಲಿ. ಆಮೇಲೆ ಸಿದ್ದಾಪುರಕ್ಕೆ ಬಂದು, ಈ ಎಮ್ಮೆ ತಮ್ಮ ಯಾರು, ಯಾರ ಮನೆಯವನು, ಎಮ್ಮೆ ಅವನವೋ ಒಡೆಯನವೋ ಅಂತ ಊರಿನ ಮುದುಕಿಯರನ್ನು ಕೇಳಲಿ. ಅವರು ಹೇಳಿದ್ದನ್ನು ಮಕ್ಕಳು ಅವರ ಮಾತಿನಲ್ಲೇ ಬರೆದುಕೊಳ್ಳಲಿ, ತೆಲುಗು ಬೆರೆತಿದ್ದರೆ ಬೆರೆತ ಹಾಗೆಯೇ.